ಬೂದೆಪ್ಪ ಡಾಕ್ಟರ ಓರೆ ಕತ್ತು

ದೇವದುರ್ಗದ ಇತಿಹಾಸದಲ್ಲಿ ಹೇಳಿಕೊಳ್ಳುವಂಥವು ಎರಡು: ಒಂದು ಕೋಟೆ, ಒಂದು ಕತ್ತು. ಕೋಟೆ ಬಿದ್ದುಹೋಗಿ ಬಹಳ ಕಾಲವಾಯಿತು. ಕತ್ತು ಎಪ್ಪತ್ತರ ದಶಕದ ಕೊನೆಗೆ ಊರಿಗೆ ಬಂದು ಎಂಬತ್ತರ ದಶಕದ ತುಂಬ ಮೆರೆಯಿತು.

ಅದು ಪೇಟೆ ಮಗ್ಗುಲಿನ ಧರ್ಮಾರ್ಥ ದವಾಖಾನೆಯ ಡಾಕ್ಟರ್ ಬೂದೆಪ್ಪನವರ ಕತ್ತು. ಎದುರಿಗೆ ಬಂದವರು ಬಾಯಿ ತೆರೆದರೆ ಸಾಕು, ಅದು ಮೆಲ್ಲಗೆ ಎಡಕ್ಕೆ ಹೊರಳುತ್ತಿತ್ತು. ಬಲಗೆನ್ನೆ ಮುಂದಕ್ಕೆ ಬರುತ್ತಿತ್ತು. ಕಣ್ಣುಗಳು ಮಾತ್ರ ಹಿಂದೆಯೇ ಉಳಿದು, ಓರೆಯಾಗಿ ಬಂದವರ ಎದೆಯ ಮೇಲೆ ನೆಡುತ್ತಿದ್ದವು. ನಾಲಿಗೆ ತೋರಿಸಲು ಬಂದವನೂ ಆ ನೋಟ ಕಂಡು ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದ.

ಇಂಥ ಕತ್ತಿಗೆ ಕಾರಣವಿಲ್ಲದೆ ಇರುತ್ತದೆಯೇ? ಬಸ್ ಸ್ಟ್ಯಾಂಡಿನ ಚಹಾದಂಗಡಿಯ ಪ್ರಕಾರ, ಆ ಓರೆನೋಟ ಅಂಗಿಯ ಸಂದಿಯಲ್ಲಿ ನುಗ್ಗಿ, ಗುಂಡಿಗೆಯ ಕೋಣೆಗಳನ್ನೆಲ್ಲ ಸುತ್ತಾಡಿ, ರೋಗಿ ತನ್ನ ಹೆಸರು ಹೇಳಿ ಮುಗಿಸುವುದರೊಳಗೆ ಹೊರಗೆ ಬಂದುಬಿಡುತ್ತಿತ್ತು. ಸಂತೆಯ ಹೆಂಗಸರ ಪ್ರಕಾರ, ಬೂದೆಪ್ಪ ತಾಯಿಯ ಹೊಟ್ಟೆಯಲ್ಲಿದ್ದಾಗಲೇ ಮಗ್ಗುಲಲ್ಲಿ ಏನೋ ಮಿಡಿಯುವುದನ್ನು ಕಂಡು, ಅದೇನೆಂದು ಇಣುಕಿ, ಹಾಗೆಯೇ ಹುಟ್ಟಿಬಿಟ್ಟಿದ್ದ. ರಾಯಚೂರಿನ ಫೋಟೋ ಸ್ಟುಡಿಯೋದವನಂತೂ ಕೈಮುಗಿದಿದ್ದ. "ಮೆಳ್ಳಗಣ್ಣಿನ ಮದುಮಕ್ಕಳನ್ನ ನೆಟ್ಟಗ ಮಾಡೀನ್ರೀ. ಈ ಕತ್ತು ಮಾತ್ರ, ಸುಮ್ಮನಿದ್ರ ಸುಮ್ಮನಿರ್ತದ, 'ಸಾಹೇಬ್ರ, ನೆಟ್ಟಗ ನೋಡ್ರಿ' ಅಂತ ನಾ ಅಂದ ಕೂಡ್ಲೇ ತಿರುಗ್ತದ!"

ಈ ಕತೆಗಳಲ್ಲಿ ಅರ್ಧಕ್ಕರ್ಧ ಹುಟ್ಟಿದ್ದು ಕಂಪೌಂಡರ್ ಶಂಶುದ್ದೀನನ ಬಾಯಲ್ಲಿ. ಡಾಕ್ಟರ ಮೇಜಿನ ಎಡಕ್ಕೆ ಔಷಧಿ ಕೊಡುವ ಕಿಟಕಿ, ಕಿಟಕಿಗೆ ಹತ್ತಿಕೊಂಡೇ ಅವನ ಸ್ಟೂಲು. ಕೆಮ್ಮಿನ ಕೆಂಪು ಔಷಧಿಯನ್ನು ಸೀಸೆಗೆ ಸುರಿಯುತ್ತ ಸುರಿಯುತ್ತ ಅವನು ಕತ್ತಿನ ಪುರಾಣವನ್ನೂ ಸುರಿಯುತ್ತಿದ್ದ. ಆದರೆ ಹೇಳುವವನಿಗೇ ನಿಜ ಗೊತ್ತಿರಲಿಲ್ಲ, ಅದೇ ಅವನ ದುಃಖ. ಊರಿಗೆಲ್ಲ ಹಂಚಿ ತಾನು ಹಸಿದು ಕೂತ ಅಡಿಗೆಯವನ ಹಾಗೆ ಅವನಿಗೆ ಆ ಒಂದು ಕುತೂಹಲ ಹೊಟ್ಟೆಯಲ್ಲಿ ಕಚ್ಚುತ್ತಿತ್ತು.

ಕೇಳದೆ ಬಿಟ್ಟವನಲ್ಲ. ದೊಡ್ಡವರ ಮೈಯ ಊನವನ್ನು ಮಂದಿಯ ಮುಂದೆ ಕೇಳಬಾರದೆಂದು, ರೋಗಿಗಳು ಇಲ್ಲದ ಹೊತ್ತು ನೋಡಿ, ಸ್ಟೂಲಿನಿಂದ ಬಾಗಿ, ಬಾಯಿಗೆ ಕೈ ಅಡ್ಡ ಹಿಡಿದು ಡಾಕ್ಟರ ಕಿವಿಯ ಹತ್ತಿರ ಪಿಸುಗುಟ್ಟಿದ್ದ: "ಸಾಹೇಬ್ರ, ತಪ್ಪು ತಿಳಕೋಬ್ಯಾಡ್ರಿ. ನಿಮ್ಮ ಕತ್ತು ಯಾಕ ಹಿಂಗ?"

ಡಾಕ್ಟರು ಉತ್ತರ ಕೊಡಲಿಲ್ಲ. ಗೋಡೆ ನೋಡುತ್ತ ಸಣ್ಣಗೆ ನಕ್ಕಂತೆ ಕಂಡಿತು. ಗುಹೆಯ ಬಾಗಿಲಲ್ಲಿ ಗೊಣಗಿದ ಭಕ್ತನನ್ನು ತಪಸ್ಸಿನ ಋಷಿ ಲೆಕ್ಕಕ್ಕಿಡದ ಹಾಗೆ. ಶಂಶುದ್ದೀನ್ ಮರುದಿನ ಚಹಾದಂಗಡಿಯಲ್ಲಿ ಹೇಳಿದ: "ಅದು ಹೇಳೋ ವಿಷಯ ಅಲ್ಲಂತ."

ಬೂದೆಪ್ಪ ಅರಕೇರಾದವರು. ತಾಯಿ ಮುದುಕಮ್ಮ ಮಂದಿಯ ಹೊಲದಲ್ಲಿ ಕಳೆ ತೆಗೆಯುತ್ತಿದ್ದರೆ ಹುಡುಗ ಬದುವಿನ ಮೇಲೆ ಕೂತು ಕೈಗೆ ಸಿಕ್ಕಿದ್ದನ್ನೆಲ್ಲ ಬಿಚ್ಚುತ್ತಿದ್ದ. ಹತ್ತಿಯ ಕಾಯಿ, ಗುಬ್ಬಿ ಬಿಟ್ಟುಹೋದ ಗೂಡು, ಒಮ್ಮೆ ಯಾರದೋ ಪಂಪ್‌ಸೆಟ್ಟು. "ಇದರೊಳಗ ಏನದ?" ಎಂಬುದು ಅವನು ಕಲಿತ ಮೊದಲ ಪೂರ್ತಿ ವಾಕ್ಯವಂತೆ. ಆ ವಾಕ್ಯ ಅವನನ್ನು ದೇವದುರ್ಗದ ಹಾಸ್ಟೆಲಿಗೆ ಕರೆದೊಯ್ದಿತು, ರಾಯಚೂರಿಗೆ ತಂದಿತು, ಬಳ್ಳಾರಿಯ ಮೆಡಿಕಲ್ ಕಾಲೇಜಿಗೆ ನುಗ್ಗಿಸಿತು. ದವಾಖಾನೆ ಸೇರಿ, ಡಾಕ್ಟರಾಗಿ ಮೊದಲ ಸಲ ಮನೆಗೆ ಬಂದ ದಿನ ಮುದುಕಮ್ಮ ಮಗನ ಕೊರಳಲ್ಲಿದ್ದ ಸ್ಟೆತಾಸ್ಕೋಪನ್ನು ಎತ್ತಿ ಎತ್ತಿ ನೋಡಿದಳು.

"ಇದರಾಗ ಏನ್ ಕೇಳ್ತದೋ?"

"ಲಬ್ ಡಬ್ ಅಂತದ ಯವ್ವಾ."

"ಅಷ್ಟು ಕೇಳಾಕ ಇಷ್ಟು ವರ್ಷ ಓದಿದಿ?"

ಈ ಪ್ರಶ್ನೆಗೂ ಬೂದೆಪ್ಪ ನಕ್ಕಿದ್ದರು. ಆದರೆ ಆ ನಗೆಯಲ್ಲಿ ಸ್ವಲ್ಪ ಹುಳಿಯಿತ್ತು ಎಂದು ಅಂದು ಜೊತೆಗಿದ್ದ ಶಂಶುದ್ದೀನನಿಗೆ ಅನ್ನಿಸಿತ್ತು.

ಈಗ ಕತೆಗೆ ಅಮರಮ್ಮ ಬರುತ್ತಾಳೆ. ದೇವದುರ್ಗದ ಹಿಟ್ಟಿನ ಗಿರಣಿ ದೊಡ್ಡಪ್ಪನ ಮಗಳು. ಗಿರಣಿಯ ಗದ್ದಲದಲ್ಲೇ ಓದಿ ಮೆಟ್ರಿಕ್ ಪಾಸಾದವಳು, ಆದ್ದರಿಂದ ಎಂಥ ಗದ್ದಲಕ್ಕೂ ಹೆದರದವಳು. ಎಂಬತ್ತೆರಡರಲ್ಲಿ ಅವಳಿಗೆ ಮಾನ್ವಿಯ ಯಂಕೋಬನ ಜೊತೆ ನಿಶ್ಚಯವಾಗಿತ್ತು. ಹುಡುಗ ಶಕ್ತಿನಗರದಲ್ಲಿ ಏಳುತ್ತಿದ್ದ ಕರೆಂಟಿನ ಕಾರ್ಖಾನೆಯಲ್ಲಿ ವೈರಿಂಗ್ ಕೆಲಸದವನು. ಮದುವೆಗೆ ಮುಂಚೆ ಟೀಚರ್ ಟ್ರೇನಿಂಗ್ ಸೇರಬೇಕೆಂದು ಅಮರಮ್ಮ ಮೈ ನೆಟ್ಟಗಿದೆ ಎಂಬ ಸರ್ಟಿಫಿಕೇಟಿಗೆ ದವಾಖಾನೆಗೆ ಬಂದಳು. ಬಂದಿದ್ದು ಸಂತೆಯ ದಿನ. ಸುತ್ತಿನ ಹಳ್ಳಿಗಳೆಲ್ಲ ವರಾಂಡದಲ್ಲಿದ್ದವು.

ಬೂದೆಪ್ಪ ಅವಳ ಬೆನ್ನಿಗೆ, ಎದೆಗೆ ಸ್ಟೆತಾಸ್ಕೋಪ್ ಇಟ್ಟರು. ಕತ್ತು ಹೊರಳಿತು. ಇನ್ನೂ ಹೊರಳಿತು. ಶಂಶುದ್ದೀನ್ ಸುರಿಯುವುದನ್ನು ನಿಲ್ಲಿಸಿದ.

"ಯವ್ವಾ, ಉಸರು ಹಿಡಿ. ಈಗ ಬಿಡು. ಇನ್ನೊಮ್ಮೆ ಹಿಡಿ."

ಅವಳ ಜೊತೆ ಸಾಲಿನಲ್ಲಿದ್ದವರೂ ಉಸಿರು ಹಿಡಿದು ಬಿಟ್ಟರು. ಆಗ ಬೂದೆಪ್ಪನವರ ಮುಖದಲ್ಲಿ, ಪಂಪ್‌ಸೆಟ್ಟಿನ ಹೊಟ್ಟೆಯಲ್ಲಿ ಹೊಸ ನಟ್ಟು ಕಂಡ ಹುಡುಗನ ಸಂತೋಷ ಕಾಣಿಸಿತು.

"ಎದ್ಯಾಗ ಒಂದು ಸಪ್ಪಳ ಅದ!"

ಮೆಲ್ಲಗೆ ಮಾತಾಡುವುದು ಆ ಮನುಷ್ಯನಿಗೆ ಬರುತ್ತಲೇ ಇರಲಿಲ್ಲ. ವರಾಂಡ ಕೇಳಿತು, ವರಾಂಡದಿಂದ ಸಂತೆ ಕೇಳಿತು, ಸಂತೆಯಿಂದ ಬಸ್ಸು ಹತ್ತಿತು. ಸಿರವಾರ ಮುಟ್ಟುವುದರೊಳಗೆ ಸಪ್ಪಳ ಹೋಗಿ ತೂತಾಗಿತ್ತು. ಮಾನ್ವಿಯಲ್ಲಿ ಇಳಿದಾಗ ಹುಡುಗಿಗೆ ಅರ್ಧ ಗುಂಡಿಗೆಯೇ ಇರಲಿಲ್ಲ.

ಮರುದಿನವೇ ಯಂಕೋಬನ ತಾಯಿ ಗೋಪಮ್ಮ ದವಾಖಾನೆಯ ಮೆಟ್ಟಿಲು ಹತ್ತಿದಳು. ಎಮ್ಮೆ ಕಟ್ಟಿ ಹಾಲು ಮಾರಿ ಮಗನನ್ನು ಬೆಳೆಸಿದ ಗಟ್ಟಿ ಹೆಂಗಸು. ಅವಳ ಸಿಟ್ಟು ಮಾನ್ವಿಯಲ್ಲಿ ಹೆಸರಾದದ್ದು. ಬರುವುದಕ್ಕೆ ಮುಂಚೆ ಅವಳ ಉಸಿರು ಬರುತ್ತಿತ್ತು, ಹುಸ್ ಹುಸ್ ಎಂದು ಕಮ್ಮಾರ ತಿದಿ ಒತ್ತಿದ ಹಾಗೆ. ಆ ಸದ್ದಿಗೆ ಮಾನ್ವಿಯ ಓಣಿಯಲ್ಲಿ ಗಂಡಸರು ದಾರಿ ಬಿಡುತ್ತಿದ್ದರು. ದವಾಖಾನೆಯ ಮೆಟ್ಟಿಲ ಮೇಲೆಯೂ ಅದೇ ಹುಸ್ ಹುಸ್. ಕಂಬ ಹಿಡಿದು ನಿಂತು, ಉಸಿರು ಕೂಡಿಸಿಕೊಂಡು ಕೇಳಿದಳು:

"ಯಾರವ, ಸಪ್ಪಳ ಕೇಳಿದ ಡಾಕ್ಟರ?"

"ನಾನಽ, ಯವ್ವಾ. ಕುಂದರ್ರಿ."

"ಕುಂದ್ರಾಕ ಬಂದಿಲ್ಲ. ಸೀರಿ ಉಡಿಸಿ ನಿಶ್ಚಯ ಮಾಡೀವಿ. ಆ ಹುಡುಗಿ ಎದ್ಯಾಗ ಏನದ, ಹೇಳು."

"ಸಪ್ಪಳ ಅದರೀ. ಅದು ಕೆಟ್ಟದ್ದೋ, ಸುಮ್ಮನ ಬರೋದೋ, ನನಗ ತಿಳೀವಲ್ದು."

"ತಿಳೀಲಾರದ್ದು ಮಂದಿ ಮುಂದ ಯಾಕ ಒದರಿದಿ?"

ಗೋಪಮ್ಮ ಸ್ಟೂಲನ್ನು ಎಳೆದು ಕೂತೇಬಿಟ್ಟಳು.

"ತಗೋ, ನನ್ನೆದಿ ಕೇಳು. ಅದ ಏನು ಸಪ್ಪಳ?"

ಸ್ಟೆತಾಸ್ಕೋಪ್ ಇಟ್ಟದ್ದಾಯಿತು, ಕತ್ತು ಹೊರಳಿದ್ದಾಯಿತು. ಬೂದೆಪ್ಪ ಬಹಳ ಹೊತ್ತು ಆಲಿಸಿ ಹೇಳಿದರು: "ಏನೂ ಇಲ್ರೀ."

"ಕೇಳಿದ್ರೇನು ಎಲ್ಲಾರೂ?" ಗೋಪಮ್ಮ ಸಾಲಿನ ಕಡೆಗೆ ತಿರುಗಿದಳು. "ಎದಿ ಅಂದ್ರ ಹಿಂಗಿರಬೇಕು. ಗಪ್‌ಚಿಪ್. ಮದಿವಿ ಮುರದಿಲ್ಲ, ಹಂಗಂತ ಆಗೋದೂ ಇಲ್ಲ. ನೀವು ಬರದ ಕಾಗದ ನಾ ನಂಬಂಗಿಲ್ಲ. ಆ ಹುಡುಗಿ ಎದಿ ಚೊಲೋ ಅದ ಅಂತ ನನ್ನ ಕಣ್ಣಿಂದ ಕಂಡ್ರ ಒಪ್ತೀನಿ."

"ಎದಿ ಒಳಗಿಂದು ಕಣ್ಣಿಗೆ ಹೆಂಗ ಕಾಣಬೇಕಮ್ಮಾ?" ಎಂದು ಶಂಶುದ್ದೀನ್ ಕಿಟಕಿಯಿಂದ ಕೇಳಿದ.

"ಅದು ನಿಮ್ಮ ಕೆಲಸ," ಎಂದು ಗೋಪಮ್ಮ ಹುಸ್ ಹುಸ್ ಎನ್ನುತ್ತ ಮೆಟ್ಟಿಲಿಳಿದಳು.

ಅವಳ ಹಿಂದೆಯೇ ಅಮರಮ್ಮ ಬಂದು ಸರ್ಟಿಫಿಕೇಟು ತೆಗೆದುಕೊಂಡಳು. ಹೋಗುವಾಗ ಬಾಗಿಲಲ್ಲಿ ನಿಂತು ಹೇಳಿದ ಮಾತು ಶಂಶುದ್ದೀನನ ಎದೆಯಲ್ಲೂ ಸಪ್ಪಳ ಎಬ್ಬಿಸಿತು: "ಡಾಕ್ಟರ, ಸಪ್ಪಳ ಹಚ್ಚಿದವ್ರು ನೀವು. ಬಿಡಿಸವ್ರೂ ನೀವಽ ಆಗಬೇಕು. ನಾ ಯಂಕೋಬಗ ಕಾಯ್ರಿ ಅಂತ ಹೇಳೀನಿ."

ಬೂದೆಪ್ಪ ಅವಳನ್ನು ರಾಯಚೂರಿಗೆ ಕರೆದೊಯ್ದು ಎಕ್ಸ್‌ರೇ ತೆಗೆಸಿದರು. ಎಕ್ಸ್‌ರೇಯಲ್ಲಿ ಗುಂಡಿಗೆ ಇತ್ತು, ಆದರೆ ಬರೀ ನೆರಳು. "ಮನಿ ನೆರಳು ನೋಡಿ, ಒಳಗ ಯಾರ ಯಾರನ್ನ ಬೈಯಾಕತ್ಯಾರ ಅಂತ ಹೇಳಾಕ ಬರ್ತದೇನು, ಶಂಶುದ್ದೀನ್?" ಎಂದು ಫಿಲ್ಮನ್ನು ಬೆಳಕಿಗೆ ಹಿಡಿದು ಕೂತರು. ಇ.ಸಿ.ಜಿ. ಮಾಡಿಸಿದರು. ಅದು ಬೆಟ್ಟಗುಡ್ಡದ ಗೆರೆ ಎಳೆದು ಸುಮ್ಮನಾಯಿತು. ಕಡೆಗೆ ಹೈದರಾಬಾದಿನ ದೊಡ್ಡ ಆಸ್ಪತ್ರೆಯೊಂದಕ್ಕೆ ಹೊಸ ಯಂತ್ರ ಬಂದಿದೆ, ಅದು ಕಿವಿಗೆ ಕೇಳದ ಸದ್ದನ್ನು ಎದೆಯೊಳಕ್ಕೆ ಕಳಿಸಿ, ಮರಳಿ ಬಂದದ್ದನ್ನು ಚಿತ್ರ ಮಾಡಿ ಟೀವಿಯ ಮೇಲೆ ತೋರಿಸುತ್ತದೆ, ಎಕೋ ಎನ್ನುತ್ತಾರೆ ಎಂದು ತಿಳಿಯಿತು. ಅದನ್ನು ಕಲಿಸಲು ಒಂದು ವರ್ಷದ ಫೆಲೋಶಿಪ್ಪೂ ಇತ್ತು.

"ಕೇಳೋದಲ್ಲೋ, ನೋಡೋದು!" ಎಂದರು ಬೂದೆಪ್ಪ. "ಬಡಿಯೋ ಗುಂಡಿಗಿನ್ನ ಬಡಿಯೋವಾಗನಽ ನೋಡೋದು!"

ಗರುಡ ಅಮೃತಕ್ಕೆ ಹೊರಟ ಹಾಗೆ, ದೇವದುರ್ಗದ ಕತ್ತು ಹೈದರಾಬಾದಿಗೆ ಹೊರಟಿತು. ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ, ಮುದುಕಮ್ಮ ಕಟ್ಟಿಕೊಟ್ಟ ಸಜ್ಜೆಯ ರೊಟ್ಟಿ.

ಹೈದರಾಬಾದಿನಲ್ಲಿ ಶಂಶುದ್ದೀನನ ಅಕ್ಕ ಮುನವ್ವರ್ ಬೀಯ ಮನೆಯಿತ್ತು. ಅಕ್ಕನನ್ನು ನೋಡುವ ನೆಪದಲ್ಲಿ ಅವನು ಬಸ್ಸು ಹತ್ತಿದ. ದೇವಸುಗೂರಿನ ಸೇತುವೆ ದಾಟುವಾಗ ಎಲ್ಲರೂ ಸೂಗೂರೇಶ್ವರನಿಗೆ ಕೈಮುಗಿದರೆ ಇವನೂ ಮುಗಿದ. ಬೇಡಿಕೊಂಡದ್ದು ಮಾತ್ರ ಕತ್ತಿನ ಗುಟ್ಟು.

ಆಸ್ಪತ್ರೆಯ ಆ ಕೋಣೆಯಲ್ಲಿ ಹಗಲಿಗೂ ಕತ್ತಲೆ. ಕಿಟಕಿಗೆ ಕಪ್ಪು ಬಟ್ಟೆ, ಮೂಲೆಯಲ್ಲಿ ಗರ್ ಎನ್ನುವ ಕೂಲರು. ಯಂತ್ರದ ಪಕ್ಕ ರಾಜ್ಯಲಕ್ಷ್ಮಿ ಮೇಡಂ. ತೆಳ್ಳಗಿನ ವಯಸ್ಸಾದ ತೆಲುಗು ಹೆಂಗಸು, ಫೆಲೋಶಿಪ್ಪಿನ ಡಾಕ್ಟರುಗಳೆಲ್ಲ ಅವರ ಕೆಮ್ಮಿಗೂ ಎದ್ದು ನಿಲ್ಲುತ್ತಿದ್ದರು. ಬೂದೆಪ್ಪ ಯಾವಾಗಲೂ ಮೇಡಂ ಎಡಕ್ಕೇ ಕೂರುತ್ತಿದ್ದರಂತೆ. ಬೇರೆ ಯಾರಾದರೂ ಆ ಜಾಗ ಹಿಡಿದರೆ ನಿಂತೇ ಇರುತ್ತಿದ್ದರಂತೆ. ಅದನ್ನೂ ಶಂಶುದ್ದೀನ್ ತಲೆಯಲ್ಲಿಟ್ಟುಕೊಂಡ, ಚಹಾದಂಗಡಿಗೆ ಆದೀತೆಂದು.

ಯಂತ್ರ ಮುಟ್ಟುವ ಮುಂಚೆ ಮೇಡಂ ಬೂದೆಪ್ಪನವರಿಗೆ ಕಸಾಯಿಖಾನೆಯಿಂದ ಮೇಕೆಯ ಹೃದಯ ತರಿಸಿ ಕೊಯ್ಯಲು ಹಚ್ಚಿದ್ದರು. ಇವತ್ತು ಉದ್ದಕ್ಕೆ, ನಾಳೆ ಅಡ್ಡಕ್ಕೆ, ನಾಡಿದ್ದು ಓರೆಗೆ. ಒಂದೇ ಹೃದಯ ಒಂದೊಂದು ಕೊಯ್ತಕ್ಕೆ ಒಂದೊಂದು ಮುಖ ತೋರಿಸುತ್ತದೆ. ಕತ್ತಿ ಹೋದ ದಾರಿಯಲ್ಲಿ ಕಣ್ಣು ಹೋಗುವುದನ್ನು ಕಲಿತರೆ, ಮುಂದೆ ಕತ್ತಿಯಿಲ್ಲದೆ, ಎದೆಯ ಮೇಲಿಡುವ ಯಂತ್ರದ ಹಿಡಿಯಿಂದಲೇ ಬದುಕಿದ ಹೃದಯವನ್ನು ಕೊಯ್ದು ನೋಡಬಹುದು. ಗಾಳಿ ತುಂಬಿದ ಪುಪ್ಪುಸ, ಎಲುಬಿನ ಪಕ್ಕೆ, ಇವೆರಡನ್ನೂ ತಪ್ಪಿಸಿ ಒಳಗಿಣುಕಲು ಸಿಗುವುದು ಸಣ್ಣದೊಂದು ಸಂದಿ. ನಾಟಕದ ತಂಬುವಿನ ಹರಕಿನಲ್ಲಿ ಕಣ್ಣಿಡುವ ಹುಡುಗರಷ್ಟೇ ಜಾಗ. ಮಣಿಕಟ್ಟು ಕೂದಲೆಳೆಯಷ್ಟು ತಿರುಗಿದರೆ ಚಿತ್ರವೇ ಬೇರೆ.

ಇನ್ನೊಂದು ಕಟ್ಟಪ್ಪಣೆ ಇತ್ತು. ಪರದೆಯ ಮುಂದೆ ರೋಗದ ಹೆಸರು ಹೇಳಕೂಡದು. ಶಂಶುದ್ದೀನನ ಕಣ್ಣೆದುರೇ ಒಬ್ಬ ಡಾಕ್ಟರು ಗತ್ತಿನಿಂದ ಉದ್ದನೆಯ ಹೆಸರೊಂದನ್ನು ಹೇಳಿದರು. ಮೇಡಂ ಕೇಳಿದರು: "ಅದೇ ಬಂದು ನಿಮಗೆ ಹೆಸರು ಹೇಳಿತಾ? ಗೊತ್ತಿರೋದು ಬೇಡ. ಏನು ಕಾಣ್ತಿದೆ, ಅದು ಹೇಳಿ."

ಮಧ್ಯಾಹ್ನ ರೋಗಿಗಳು ಇಲ್ಲದಾಗ ಬೂದೆಪ್ಪ ಶಂಶುದ್ದೀನನನ್ನೇ ಮಂಚದ ಮೇಲೆ ಎಡಮಗ್ಗುಲಿಗೆ ಮಲಗಿಸಿದರು. ಎದೆಗೆ ತಣ್ಣನೆಯ ಲೋಳೆ, ಅದರ ಮೇಲೆ ಯಂತ್ರದ ಹಿಡಿ. ಪರದೆಯ ಮೇಲೆ ಬೀಸಣಿಗೆಯಾಕಾರದ ಬೂದು ಬೆಳಕು ಬಿಚ್ಚಿಕೊಂಡಿತು. ಅದರಲ್ಲಿ ತೊಗಲುಗೊಂಬೆಯಾಟದ ನೆರಳುಗಳಂತೆ ಏನೋ ಕುಣಿಯುತ್ತಿತ್ತು. ಎರಡು ತೆಳು ಬಾಗಿಲುಗಳು ಪಟಪಟನೆ ತೆರೆದು ಮುಚ್ಚುತ್ತಿದ್ದವು.

"ನಂದಽ ಏನ್ರೀ ಇದು?"

"ನಿಂದಽ."

"ಯಾ ಅಲ್ಲಾ! ಸುಮ್ಮನ ಕುಂದ್ರೋದಽ ಇಲ್ಲೇನು?"

"ಇಲ್ಲ."

"ಶುಕ್ರವಾರನೂ ರಜಾ ಇಲ್ಲ?"

"ರಜಾ ಕೊಟ್ರ ನೀ ಇರಂಗಿಲ್ಲ."

ಇಷ್ಟು ವರ್ಷ ಪರಿಚಯವಿಲ್ಲದೆ ಜೊತೆಯಲ್ಲಿ ಬಾಳಿದ ಆ ಪ್ರಾಣಿಯ ಮೇಲೆ ಶಂಶುದ್ದೀನನಿಗೆ ಮರುಕ ಹುಟ್ಟಿತು. ಅಂದು ಅಕ್ಕನ ಮನೆಗೆ ಮೆಲ್ಲಗೆ ನಡೆದುಹೋದ. ಹೋಗುವ ಮುಂಚೆ ಮಾತ್ರ ಬಂದ ಕೆಲಸ ಮರೆಯಲಿಲ್ಲ. ಪರದೆ ನೋಡುತ್ತ ಕೂತ ಡಾಕ್ಟರ ಹಿಂದಿನಿಂದ ಬಾಗಿ, ತನ್ನ ರೂಢಿಯ ಮಗ್ಗುಲಿಗೇ ಹೋಗಿ, ಬಾಯಿಗೆ ಕೈ ಅಡ್ಡ ಹಿಡಿದು ಪಿಸುಗುಟ್ಟಿದ: "ಸಾಹೇಬ್ರ, ಈಗರ ಹೇಳ್ರಿ. ಕತ್ತು ಯಾಕ ಹಿಂಗ?"

ಮತ್ತೆ ಉತ್ತರವಿಲ್ಲ. ಬೂದು ಬೆಳಕಿನಲ್ಲಿ ಅದೇ ಋಷಿಯ ನಗೆ. "ಹೈದರಾಬಾದಿಗೆ ಹೋದ್ರೂ ಹೇಳಲಿಲ್ಲ," ಎಂದು ಅವನು ಊರಲ್ಲಿ ಬಂದು ಸಾರಿದ. ಕತ್ತಿನ ಘನತೆ ಇನ್ನಷ್ಟು ಏರಿತು.

ಫೆಲೋಶಿಪ್ಪಿನ ಕಡೆಯ ಪರೀಕ್ಷೆ ಕೋಣೆಯಲ್ಲಿ ನಡೆಯುವಂಥದಲ್ಲ. ಒಬ್ಬೊಬ್ಬರೂ ಸಾಗಿಸಲು ಬರುವ ಸಣ್ಣ ಯಂತ್ರವನ್ನು ತಮ್ಮ ಜಿಲ್ಲೆಗೆ ಒಯ್ದು ಶಿಬಿರ ಮಾಡಬೇಕು. ಮೇಡಂ ಹಿಂದೆ ಕೂತಿರುತ್ತಾರೆ. ಕಂಡದ್ದನ್ನು ಬಿಟ್ಟರೆ, ಕಾಣದ್ದನ್ನು ಸೇರಿಸಿದರೆ, ಮತ್ತೆ ಮೇಕೆಯ ಹೃದಯದಿಂದ ಶುರು.

ಬೂದೆಪ್ಪನವರ ಶಿಬಿರ ಎಂಬತ್ನಾಲ್ಕರ ಬೇಸಿಗೆಯಲ್ಲಿ ರಾಯಚೂರಿನಲ್ಲಿ ನಡೆಯಿತು. ರಾಯಚೂರಿನ ಬಿಸಿಲಿಗೆ ಯಂತ್ರ ತಡೆಯಬೇಕಲ್ಲ? ತಣ್ಣಗಿರುವ ಹಳೆಯ ಕಲ್ಲಿನ ಕಟ್ಟಡವೆಂದು ಸಿಕ್ಕದ್ದು ಒಂದು ಮದುವೆ ಛತ್ರ. ವ್ಯಾನಿನಲ್ಲಿ ಕೌದಿ ಹೊದ್ದು ಬಂದ ಯಂತ್ರವನ್ನು ಮದುಮಗಳ ಕೋಣೆಯಲ್ಲಿ ಇಳಿಸಿದರು. ಕೌದಿ ಸರಿಸುವಾಗ ನೆರೆದ ಹೆಂಗಸರೆಲ್ಲ ಹೊಸ ಸೊಸೆಯ ಮುಖ ನೋಡುವ ಹಾಗೆ ಮುಂದೆ ನುಗ್ಗಿದರು. ನಾಡಿಗೆಲ್ಲ ಬೆಳಕು ಕೊಡಲು ಪಕ್ಕದಲ್ಲೇ ಚಿಮಣಿ ಏಳುತ್ತಿದ್ದರೂ ರಾಯಚೂರಿನ ಕರೆಂಟು ಬಂದು ಬಂದು ಹೋಗುತ್ತಿತ್ತು. ಆದ್ದರಿಂದ ಶಕ್ತಿನಗರದಿಂದ ಯಂಕೋಬನೇ ಬಂದು, ಕರೆಂಟು ಏರಿಳಿಯದ ಹಾಗೆ ನೋಡಿಕೊಳ್ಳುವ ಸ್ಟೆಬಿಲೈಸರ್ ಡಬ್ಬಿಯನ್ನು ತಬ್ಬಿಕೊಂಡು ಕೋಣೆಯ ಹೊಸ್ತಿಲಲ್ಲಿ ಕೂತ. ತನ್ನ ಮದುವೆಯ ಕರೆಂಟನ್ನು ತಾನೇ ಕಾದ ವರ ಆ ಜಿಲ್ಲೆಯಲ್ಲಿ ಮತ್ತೊಬ್ಬನಿಲ್ಲ.

ಗೋಪಮ್ಮ ಇಳಕಲ್ ಸೀರೆಯುಟ್ಟು, ಮಾನ್ವಿಯ ಹಿರಿಯರನ್ನು ಕೂಡಿಸಿಕೊಂಡು, ಥೇಟು ಕನ್ಯೆ ನೋಡಲು ಬಂದ ಹಾಗೆ ಬಂದಳು. ದೊಡ್ಡಪ್ಪನೂ ಬೀಗರ ಮರ್ಯಾದೆಗೆ ಕಡಿಮೆ ಮಾಡಲಿಲ್ಲ. ಮಂಡಾಳದ ಒಗ್ಗರಣಿ, ಮಿರ್ಚಿ, ಬೂಂದಿ ಲಾಡು ಎಲ್ಲ ತಂದಿದ್ದ.

"ಬೀಗತಿ, ಮೊದಲ ಬಾಯಿ ಸಿಹಿ ಮಾಡ್ರಿ."

"ಒಪ್ಪಿಗಿ ಆಗೋತನಕ ನಮ್ಮ ಮಂದಿ ಸಿಹಿ ಮುಟ್ಟಂಗಿಲ್ಲ, ದೊಡ್ಡಪ್ಪ. ಮಿರ್ಚಿ ಬೇಕಾರ ಇಲ್ಲಿ ತಾ."

ಕನ್ಯೆಯನ್ನು ನಡೆಸಿ ನೋಡುವುದುಂಟು, ಜಡೆ ನೋಡುವುದುಂಟು, ಓದಿಸಿ ನೋಡುವುದುಂಟು. ಗುಂಡಿಗೆ ನೋಡುವ ಶಾಸ್ತ್ರ ಅಂದೇ ಮೊದಲು. ಮಂಚದ ಸುತ್ತ ಸೀರೆಯ ಪರದೆ ಕಟ್ಟಿ ಅಮರಮ್ಮನನ್ನು ಮಲಗಿಸಿದರು. ಟೀವಿಯನ್ನು ಮಾತ್ರ ಮಂಚಕ್ಕೂ ಬಾಗಿಲಿಗೂ ಕಾಣುವಂತೆ ಓರೆಗೆ ತಿರುಗಿಸಿದರು. ಹುಡುಗಿ ಕಾಣದಿದ್ದರೂ ಅವಳ ಗುಂಡಿಗೆ ಹೊಸ್ತಿಲಾಚೆಯ ಹಿರಿಯರಿಗೆಲ್ಲ ಕಾಣುತ್ತಿತ್ತು. ಗೋಪಮ್ಮ ಸೀರೆಯ ಪರದೆಯ ಒಳಗೆ, ಮೂಗು ಟೀವಿಯ ಗಾಜಿಗೆ ತಾಗುವಷ್ಟು ಹತ್ತಿರ. ಟೀವಿಯ ತಂತಿ ಹಿಡಿದು ಬಾಗಿಲಲ್ಲಿ ಶಂಶುದ್ದೀನ್. ಹಿಂದೆ ಕುರ್ಚಿಯಲ್ಲಿ ಮೇಡಂ.

"ಏಂ ಕನಿಪಿಸ್ತೋಂದಿ, ಬೂದೆಪ್ಪಾ?" ಎಂದರು ಮೇಡಂ. ಏನು ಕಾಣುತ್ತಿದೆ ಎಂಬ ಆ ಒಂದೇ ಪ್ರಶ್ನೆ.

ಬೂದೆಪ್ಪ ಕನ್ನಡದಲ್ಲೇ ಹೇಳುತ್ತ ಹೋದರು. "ನಾಲ್ಕು ಕೋಣಿ ಕಾಣ್ತಾವ. ನಡುವಿನ ಗ್ವಾಡಿ ಗಟ್ಟಿ ಅದ, ತೂತಿಲ್ಲ. ಈ ಎರಡು ಬಾಗಿಲ ಪೂರ್ತಿ ತೆರೀತಾವ, ಪೂರ್ತಿ ಮುಚ್ಚತಾವ. ಹುಡುಗಿ ತೆಳ್ಳಗದಾಳ, ರಗತ ಜೋರ ಹರೀತದ. ಸಣ್ಣ ಕಾಲುವ್ಯಾಗ ನೀರು ಓಡಿದ್ರ ಸಪ್ಪಳ ಆಗ್ತದಲ್ಲ, ಹಂಗ. ಏನೂ ಕೆಟ್ಟಿಲ್ಲ."

ಹೊಸ್ತಿಲಲ್ಲಿ ಯಂಕೋಬ ಡಬ್ಬಿಯನ್ನು ಇನ್ನಷ್ಟು ಬಿಗಿಯಾಗಿ ತಬ್ಬಿಕೊಂಡ. ಹಿರಿಯರು ತಲೆಯಾಡಿಸಿದರು. ಗೋಪಮ್ಮ ಆಡಿಸಲಿಲ್ಲ.

"ಚೊಲೋ ಅಂತ ನೀ ಹೇಳ್ತಿ. ನನಗೇನು ಗೊತ್ತು? ನೀ ದೇವದುರ್ಗದಾಂವ, ಹುಡುಗಿನೂ ದೇವದುರ್ಗದಾಕಿ. ಚೊಲೋ ಗುಂಡಿಗಿ ಹೆಂಗಿರ್ತದ ಮೊದಲ ತೋರ್ಸು, ಹೊಂದಿಸಿ ನೋಡ್ತೀನಿ. ಏಳವ್ವಾ, ಸರಿ. ನಂದು ನೋಡ್ರಿ. ಸಪ್ಪಳಿಲ್ಲ ಅಂತ ಇಂವನಽ ಹೇಳ್ಯಾನ."

ಯಾರೂ ಬೇಡವೆನ್ನುವುದರೊಳಗೆ ಅವಳು ಮಂಚ ಹತ್ತಿದ್ದಳು, ಹುಸ್ ಹುಸ್ ಎನ್ನುತ್ತ. ಬೂದೆಪ್ಪ ಹಿಡಿಯನ್ನು ಪಕ್ಕೆಯ ಸಂದಿಗೆ ಇಟ್ಟರು. ಬೂದು ಬೆಳಕು ಬಿಚ್ಚಿಕೊಂಡಿತು. ಆಮೇಲೆ ಅವರ ಕೈ ನಿಂತೇಬಿಟ್ಟಿತು.

ಈಗಷ್ಟೇ ಅಮರಮ್ಮನದನ್ನು ನೋಡಿದ್ದ ಶಂಶುದ್ದೀನನಿಗೂ ವ್ಯತ್ಯಾಸ ಕಂಡಿತು. ಪಟಪಟ ಇರಲಿಲ್ಲ. ಬಾಗಿಲುಗಳು ದಪ್ಪಗೆ, ಬಿಲ್ಲಿನಂತೆ ಬಾಗಿ, ತುದಿಯಲ್ಲಿ ಅಂಟಿಕೊಂಡು ತಿಣುಕುತ್ತಿದ್ದವು. ಅವುಗಳ ಹಿಂದಿನ ಕೋಣೆ ಊದಿಕೊಂಡಿತ್ತು.

"ಏಂ ಕನಿಪಿಸ್ತೋಂದಿ?" ಎಂದರು ಮೇಡಂ.

ಬೂದೆಪ್ಪ ಹಿಡಿಯನ್ನು ಇನ್ನೊಂದು ಸಲ ತಿರುಗಿಸಿ ನೋಡಿದರು. ಹೇಳಿದರೆ, ಹುಡುಗಿಯ ಕಡೆಯವನು ಹಗೆ ತೀರಿಸಿಕೊಂಡ ಎಂದು ಗೋಪಮ್ಮ ಎದ್ದು ಹೋಗುತ್ತಾಳೆ, ಅಮರಮ್ಮನ ಮದುವೆ ಅಲ್ಲಿಗೆ ಮುಗಿಯಿತು. ಹೇಳದಿದ್ದರೆ ಗೋಪಮ್ಮ ಲಾಡು ತಿಂದು, ಮದುವೆ ಮಾಡಿ, ಒಂದು ದಿನ ಆ ಬಾಗಿಲು ಪೂರ್ತಿ ಅಂಟಿಕೊಂಡು ಬಿದ್ದುಹೋಗುತ್ತಾಳೆ. ಸೀರೆಯ ಪರದೆಯಾಚೆ ನಿಂತ ಅಮರಮ್ಮನ ಕಾಲುಂಗುರವಿಲ್ಲದ ಪಾದಗಳು ಶಂಶುದ್ದೀನನಿಗೆ ಕಾಣುತ್ತಿದ್ದವು. ಅವು ಅಲುಗಲಿಲ್ಲ.

"ಬೂದೆಪ್ಪಾ?" ಮೇಡಂ ಮೂರನೆಯ ಸಲ ಕೇಳುವವರಲ್ಲ.

"ಬಾಗಿಲ ಪೂರ್ತಿ ತೆರೀವಲ್ದು," ಎಂದರು ಬೂದೆಪ್ಪ. ಎಂದಿನಂತೆ ದೊಡ್ಡ ದನಿಯಲ್ಲೇ, ಆದರೆ ಈ ಸಲ ಸಂತೋಷವಿಲ್ಲದೆ. "ದಪ್ಪ ಆಗ್ಯಾವ, ತುದಿಗೆ ಅಂಟ್ಯಾವ. ಹಿಂದಿನ ಕೋಣ್ಯಾಗ ರಗತ ನಿಂತು ಊದ್ಯದ. ಇದಕ್ಕೂ ಸಪ್ಪಳ ಇರ್ತದ, ಭಾಳ ಸಣ್ಣದು. ಅವತ್ತು ನಾ ಕೇಳ್ದೆ, ನನಗ ಕೇಳಿಸ್ಲಿಲ್ಲ. ತಪ್ಪು ನಂದು, ಯವ್ವಾ."

ಹೊಸ್ತಿಲಾಚೆ ಗುಸುಗುಸು ಎದ್ದಿತು. ಮಾನ್ವಿಯ ಹಿರಿಯನೊಬ್ಬ, "ಇದು ಹೊಂದಾಣಿಕಿ ಆಟ, ಏಳು ಗೋಪಮ್ಮ," ಎಂದ. ಗೋಪಮ್ಮ ಏಳಲಿಲ್ಲ. ಮಲಗಿದಲ್ಲಿಂದಲೇ ಟೀವಿ ನೋಡುತ್ತಿದ್ದಳು. ತುಂಬ ಹೊತ್ತು ನೋಡಿದಳು.

"ನೀ ಬಾಯಿ ಮುಚ್ಚು," ಎಂದಳು ಹಿರಿಯನಿಗೆ. "ಕಣ್ಣಿಂದ ಕಂಡ್ರ ಒಪ್ತೀನಿ ಅಂದಾಕಿ ನಾನು. ಹಾಲು ಹಿಂಡಿ ಹಿಂಡಿ ಕಣ್ಣೇನು ಹೋಗಿಲ್ಲ. ಆ ಹುಡುಗೀದು ಪಟಪಟ ಅಂತಿತ್ತು. ನಂದು ಮಳಿಗಾಲದ ಕದಾ ಆಗ್ಯದ." ಆಮೇಲೆ ಮೆಲ್ಲಗೆ, "ಡಾಕ್ಟರ, ಅದು ನನ್ನ ಸಿಟ್ಟಲ್ಲೇನು ಹಂಗಾರ? ಮೆಟ್ಟಲಾ ಹತ್ತೋವಾಗ ಬರೋದು?"

"ಅಲ್ಲ, ಯವ್ವಾ. ಅದು ದಮ್ಮು."

"ಇಡೀ ಮಾನ್ವಿ ಹೆದರ್ತಿತ್ತಲ್ಲೋ ಅದಕ್ಕ!"

ಆಗ ಪರದೆಯಾಚೆಯಿಂದ ಅಮರಮ್ಮನ ದನಿ ಬಂತು. "ಅತ್ತಿ, ದಮ್ಮಷ್ಟ ತಗಿಸ್ಕೊಂಡು ಬರ್ರಿ. ಸಿಟ್ಟು ಹಂಗಽ ಇರ್ಲಿ. ನಾ ಗಿರಣ್ಯಾಗ ಬೆಳದಾಕಿ, ತಡಕೊಂತೀನಿ."

ಮಂಚದ ಮೇಲಿಂದ ನಗೆ ಶುರುವಾಗಿ, ದಮ್ಮಿಗೆ ಸಿಕ್ಕಿ, ಕೆಮ್ಮಾಗಿ, ಮತ್ತೆ ನಗೆಯಾಯಿತು. ಲೋಳೆ ಮೆತ್ತಿದ ಸೆರಗು ಸರಿಪಡಿಸಿಕೊಂಡು ಎದ್ದು ಕೂತ ಗೋಪಮ್ಮ, ಪರದೆಯಿಂದ ಕೈ ಹೊರಗೆ ಚಾಚಿದಳು.

"ದೊಡ್ಡಪ್ಪ, ಎಲ್ಲಿ ಲಾಡು?"

ಮೇಡಂ ಕುರ್ಚಿಯಿಂದೆದ್ದು ತಾವೂ ಒಂದು ಲಾಡು ತೆಗೆದುಕೊಂಡರು. ಬೂದೆಪ್ಪ ಫೆಲೋಶಿಪ್ ಪಾಸಾದದ್ದು ಶಂಶುದ್ದೀನನಿಗೆ ಗೊತ್ತಾದದ್ದೇ ಹಾಗೆ. ಆ ಮಳೆಗಾಲದಲ್ಲಿ ಹೈದರಾಬಾದಿನ ಸರ್ಜನ್ನರು ಗೋಪಮ್ಮನ ಕದವನ್ನು ಬಿಡಿಸಿದರು. ಅವಳು ಏದುಸಿರು ಬಿಡದೆ ಮೆಟ್ಟಿಲು ಹತ್ತುವ ತನಕ ಮದುವೆ ಬೇಡವೆಂದು ಪಟ್ಟು ಹಿಡಿದವಳು ಅಮರಮ್ಮ.

ಮದುವೆ ಅದೇ ಛತ್ರದಲ್ಲಿ ಆಯಿತು. ಗೋಪಮ್ಮ ವೇದಿಕೆಯ ಮೆಟ್ಟಿಲನ್ನು ಎಲ್ಲರೂ ನೋಡಲೆಂದು ಹತ್ತಿ, ಇಳಿದು, ಮತ್ತೆ ಹತ್ತಿದಳು. ಹುಸ್ ಇಲ್ಲ, ಬುಸ್ ಇಲ್ಲ. ಮಾನ್ವಿಯ ಗಂಡಸರು ಅವಳು ಬಂದದ್ದೇ ತಿಳಿಯದೆ ಸಿಕ್ಕಿಬಿದ್ದು ಬೈಸಿಕೊಂಡರು. ಕಡೆಗೆ ಅವಳು ಬೂದೆಪ್ಪನವರನ್ನು ಎಳೆದುತಂದು ನಿಲ್ಲಿಸಿ, ಛತ್ರಕ್ಕೆಲ್ಲ ಕೇಳುವಂತೆ ಸಾರಿದಳು: "ನೋಡ್ರಿ, ಇದಽ ಆ ಕತ್ತು! ದೇವರು ಬೇಕಂತನಽ ತಿರುವ್ಯಾನ. ಎದುರಿಗಿದ್ದವ್ರ ಗುಂಡಿಗಿ ಈ ಮಗ್ಗಲಿಂದನಽ ಕಾಣೋದು!" ಹೆಂಗಸರು ಕತ್ತಿಗೆ ದೃಷ್ಟಿ ತೆಗೆದರು. ಯಾರೋ ಹೂವಿನ ಹಾರ ಹಾಕಿದರು. ಕತ್ತು ತನ್ನ ಪಾಡಿಗೆ ಎಡಕ್ಕೆ ಹೊರಳಿತು.

ಆಮೇಲೆ ಫೋಟೋ. ಅದೇ ಸ್ಟುಡಿಯೋದವನು. ಸಾಲು ನಿಲ್ಲಿಸುವ ಗಡಿಬಿಡಿಯಲ್ಲಿ ಶಂಶುದ್ದೀನನನ್ನು ಅವನ ರೂಢಿಯ ಜಾಗದಿಂದ ಎಬ್ಬಿಸಿ ಡಾಕ್ಟರ ಬಲಕ್ಕೆ ತಳ್ಳಿದ. ಎಲ್ಲರೂ ಕ್ಯಾಮೆರಾ ನೋಡುತ್ತಿದ್ದರು. ಇಂಥ ಗಳಿಗೆ ಮತ್ತೆ ಸಿಕ್ಕುವುದಿಲ್ಲವೆಂದು ಶಂಶುದ್ದೀನ್ ಬಾಯಿಗೆ ಕೈ ಅಡ್ಡ ಹಿಡಿದು, ಕಡೆಯ ಸಲವೆಂದು, ಪಿಸುಗುಟ್ಟಿದ:

"ಸಾಹೇಬ್ರ, ಅಲ್ಲಾನ ಆಣಿ, ಯಾರಿಗೂ ಹೇಳಂಗಿಲ್ಲ. ಕತ್ತು ಯಾಕ ಹಿಂಗ?"

ಬೂದೆಪ್ಪ ಥಟ್ಟನೆ ಅವನ ಕಡೆ ನೋಡಿದರು.

"ಎಡಗಿವಿ ಕೇಳಂಗಿಲ್ಲೋ ಶಂಶುದ್ದೀನ್, ಸಣ್ಣಾಂವ ಇದ್ದಾಗ ಸೋರಿ ಸೋರಿ ಹೋಗ್ಯದ. ಅದಕ್ಕಽ ನೋಡೋ ಕೆಲಸ ಕಲ್ತೆ. ಇದನ್ನ ಕೇಳಾಕ ಇಷ್ಟು ವರ್ಷ ಬೇಕಾತೇನು ನಿನಗ?"